ಶನಿವಾರ ಹೊರಡಬೇಡಿ

ಟಿಲ್ಮನ್ ರಾಶ್ ಕತ್ತರಿಸಿದ್ದು ಒಂದೇ ಒಂದು ಸಾಲನ್ನು. ಹಿಮದಲ್ಲಿ ಕಾರು ಸಿಕ್ಕಿಕೊಂಡರೆ ಮಾಡಬೇಕಾದ ಹತ್ತು ಕೆಲಸಗಳ ಪಟ್ಟಿಯಲ್ಲಿ ಅದು ಏಳನೆಯದು: 'ಎಂಜಿನ್ ಹಚ್ಚುವ ಮುಂಚೆ ಇಳಿದು ಹಿಂದೆ ಹೋಗಿ, ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಪೂರ್ತಿ ಬಿಡಿಸಿ.' ಜರ್ಮನಿಯ ಕಾಸೆಲ್ ನಗರದ ಒಂದು ಸಣ್ಣ ವಾಹನ ಸಂಘದ ಮಾಸಪತ್ರಿಕೆಯ 1999ರ ಡಿಸೆಂಬರ್ ಸಂಚಿಕೆಯಲ್ಲಿ, ಮೂವತ್ತೊಂದನೆಯ ಪುಟದಲ್ಲಿ, ಆ ಸಾಲು ಇರಬೇಕಾದ ಜಾಗದಲ್ಲಿ ಕಾರಿನ ನೆತ್ತಿಗೆ ಸ್ಕೀ ಹಲಗೆ ಕಟ್ಟುತ್ತಿರುವ ನಗುಮುಖದ ಹೆಂಗಸಿನ ಚಿತ್ರವಿತ್ತು. ಚಿತ್ರ ಸ್ವಲ್ಪ ಉದ್ದವಾಗಿತ್ತು. ಹತ್ತು ಸಲಹೆ ಒಂಬತ್ತಾಗಿ, ತಲೆಬರಹದಲ್ಲೂ ಹತ್ತು ಅಳಿದು ಒಂಬತ್ತು ಬಂದಿತ್ತು. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

ಆ ಜನವರಿಯಲ್ಲಿ ಮದುವೆಯಾಗಿ ಎಂಟು ತಿಂಗಳಾಗಿದ್ದ ಗಂಡಹೆಂಡತಿ ಆಲ್ಪ್ಸ್‌ನ ಒಂದು ಕಣಿವೆ ರಸ್ತೆಯಲ್ಲಿ ಹಿಮದ ದಿಬ್ಬಕ್ಕೆ ಸಿಕ್ಕಿಕೊಂಡರು. ಚಳಿಗೆ ಎಂಜಿನ್ ಚಾಲೂ ಇಟ್ಟು ಕಿಟಕಿ ಏರಿಸಿ ಕೂತರು. ಹಿಮದಲ್ಲಿ ಹೂತ ಕೊಳವೆಯ ಹೊಗೆ ಹೊರಗೆ ಹೋಗಲಾರದೆ ಕಾರಿನೊಳಗೆ ಬಂತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಹಿಂದಿನ ಸೀಟಿನಲ್ಲಿ ಮೂವತ್ತೊಂದನೆಯ ಪುಟ ತೆರೆದೇ ಇತ್ತು. ಒಂಬತ್ತು ಸಲಹೆಗಳನ್ನೂ ಅವರು ಪಾಲಿಸಿದ್ದರು.

ಸತ್ತ ಹುಡುಗಿಯ ತಂದೆ ಆ ಸಂಚಿಕೆಯನ್ನು ಪತ್ರಿಕೆಯ ಕಚೇರಿಗೆ ತಂದು, ಆ ಪುಟ ತೆರೆದು ಮೇಜಿನ ಮೇಲಿಟ್ಟರು. ಪುಟ ಜೋಡಿಸುವವನಾಗಿದ್ದ ಟಿಲ್ಮನ್ ಹೇಳಿದ: "ಲೇಖನ ನನ್ನ ಕೈಗೆ ಬಂದದ್ದೇ ಹೀಗೆ. ಮೇಲೆ ಹೆಸರು ನೋಡಿ." ಮೇಲೆ ಏಕಾರ್ಟ್ ಬ್ರಾಂಡಿಸ್ ಎಂದಿತ್ತು. ಮೂಲ ಪ್ರತಿ ಕಡತದಲ್ಲಿರಲಿಲ್ಲ. ಏಕಾರ್ಟ್ ಮನೆಯಲ್ಲಿ ಹುಡುಕಿ ಬೆರಳಚ್ಚಿನ ನಕಲು ತಂದು ತೋರಿಸಿದ. ಸಂಪಾದಕರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಇವತ್ತು ಬೇಕಾದ್ರೂ ಟೈಪ್ ಮಾಡ್ಬಹುದಲ್ಲಪ್ಪ" ಅಂದರು. ಇಪ್ಪತ್ತೆರಡು ವರ್ಷ ಚಳಿಗಾಲದ ಪ್ರಯಾಣದ ಪುಟ ಬರೆದವನು ಆರೋಗ್ಯದ ಕಾರಣಕ್ಕೆ ನಿವೃತ್ತನಾದ. ಪುಟ ಟಿಲ್ಮನ್‌ಗೆ ಹೋಯಿತು.

ಮೊದಲ ವರ್ಷ ಏಕಾರ್ಟ್‌ಗೆ ಸಿಟ್ಟಿತ್ತು. ಎರಡನೆಯ ವರ್ಷ ಉಳಿದದ್ದು ಆಯಾಸ. ಬೆಳಿಗ್ಗೆ ಏಳುವಾಗ ಮೈಗಿಂತ ಮೊದಲು ಆಯಾಸ ಎದ್ದಿರುತ್ತಿತ್ತು. ಬೇಕರಿಯಲ್ಲಿ, ಅಂಚೆ ಕಚೇರಿಯಲ್ಲಿ, ತನ್ನ ಹೆಸರು ಹೇಳುವಾಗೆಲ್ಲ ಎದುರಿನವರು ಒಂದು ಕ್ಷಣ ತಡೆದು ನೋಡುತ್ತಾರೆ ಎಂದು ಅವನಿಗನಿಸುತ್ತಿತ್ತು. ಹೆಂಡತಿ ಸತ್ತು ಆರು ವರ್ಷವಾಗಿತ್ತು. ಅರವತ್ತಮೂರರ ಅವನಿಗೆ ತನ್ನದೆಂದು ಇದ್ದದ್ದು ಆ ಹೆಸರೊಂದೇ. ಅದರ ಪಕ್ಕದಲ್ಲಿ ಎರಡು ಹೆಣಗಳಿದ್ದವು.

ಟಿಲ್ಮನ್ ಮಾತ್ರ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. ಅವನಿಗೆ ಬೇರೆ ದಾರಿಯೂ ಇರಲಿಲ್ಲ, ಏಕೆಂದರೆ ಹಿಮದಲ್ಲಿ ಕಾರು ಓಡಿಸುವ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ.

"ಗುರುಗಳೇ, ಹಿಮದಲ್ಲಿ ಜಾರದ ಹಾಗೆ ಕಟ್ಟೋ ಚೈನು ಮುಂದಿನ ಗಾಲಿಗಾ ಹಿಂದಿನದಕ್ಕಾ?" 2002ರ ಜನವರಿಯಲ್ಲಿ ಅವನು ಕೇಳಿದ.

"ಎಂಜಿನ್ ಯಾವ ಗಾಲಿಯನ್ನ ತಿರುಗಿಸುತ್ತೋ ಅದಕ್ಕೆ."

"ಆಹಾ! ಬರ್ಕೊಂಡೆ. ಕೇಳಿ, ಹೊಸ ಸುದ್ದಿ. ಫೆಬ್ರವರಿ ಪೂರ್ತಿ ನಾನು ಆಸ್ಟ್ರಿಯಾದಲ್ಲಿ, ಆ ನಿಮ್ಮ ಬೆಟ್ಟದೂರು ಹಿಂಟರ್‌ಔನಲ್ಲಿ. ಶನಿವಾರ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೋದಲ್ಲಿ ನೇರವಾಗಿ ಮಾತಾಡ್ತೀನಿ. ದಾರಿ ಹೇಗಿದೆ, ಹಿಮ ಎಷ್ಟಿದೆ, ಜನ ಏನ್ ಮಾಡ್ಬೇಕು. ನಾನಿರೋ ಗುಡಿಸಲಲ್ಲಿ ಮೊಬೈಲ್ ಸಿಗಲ್ಲ, ರಸ್ತೆ ಬದೀಲಿ ನಿಲ್ಲಿಸಿರೋ ಕಾರಲ್ಲಿ ಸಿಗುತ್ತೆ. ಹೀಟರ್ ಹಾಕ್ಕೊಂಡು, ಕಾಫಿ ಹಿಡ್ಕೊಂಡು, ರಾಜನ ಥರ ಕೂತು ಹೇಳೋದು."

"ಯಾವ ಕಾರು?"

"ಇನ್ಯಾವುದು, ನನ್ನ ಕೆಂಪು ರಾಣಿ. ಫೋಟೋಗೆ ಅವಳೇ ಚಂದ."

ಕೆಂಪು ರಾಣಿ ಮೂವತ್ತನಾಲ್ಕು ವರ್ಷದ ಹಳೆಯ ಪೆಟ್ರೋಲ್ ಕಾರು. ಒಮ್ಮೆ ಏಕಾರ್ಟ್ ಅದನ್ನು ಓಡಿಸಿದ್ದ. ಹೊಗೆ ಶುದ್ಧಮಾಡುವ ಯಂತ್ರ ಅದಕ್ಕಿರಲಿಲ್ಲ. ಹಿಂದಿನ ಸೀಟಿನ ಕೆಳಗೆ ತಗಡು ತುಕ್ಕು ಹಿಡಿದು ಅಂಗೈಯಗಲದ ತೂತಾಗಿತ್ತು, ಮೇಲೆ ರಬ್ಬರ್ ಚಾಪೆ.

"ಎಂಜಿನ್ ಹಚ್ಚಿ ಕೂರೋದಾದ್ರೆ ಮೊದಲು ಹಿಂದೆ ಹೋಗಿ ಹೊಗೆಕೊಳವೆ..." ಏಕಾರ್ಟ್ ಶುರುಮಾಡಿದ.

"ಅಯ್ಯೋ ಶುರುವಾಯ್ತಲ್ಲ ಪುರಾಣ! ಬಿಡಿ ಗುರುಗಳೇ, ಅದೊಂದು ಸಾಲಿಗೆ ಇಬ್ಬರೂ ಎಷ್ಟು ಅನುಭವಿಸಿದ್ವಿ."

ಇಬ್ಬರೂ ಎಂದ. ಫೋನ್ ಇಟ್ಟ ಮೇಲೆ ಏಕಾರ್ಟ್ ಬಹಳ ಹೊತ್ತು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಟಿಲ್ಮನ್‌ನನ್ನು ಯಾರೂ ಕೊಲ್ಲಬೇಕಾಗಿಲ್ಲ ಎಂಬುದು ಅವನಿಗೆ ಮೆಲ್ಲಗೆ ಹೊಳೆಯಿತು. ತಾನು ಕತ್ತರಿಸಿದ ಸಾಲನ್ನು ಅವನು ಓದಿಯೇ ಇರಲಿಲ್ಲ. ಓದದವನಿಗೆ ಸ್ವಲ್ಪ ಹಿಮ ಸಾಕು.

ಯೋಜನೆ ಹಾಕುವುದು ಏಕಾರ್ಟ್‌ಗೆ ಕಷ್ಟವಾಗಲಿಲ್ಲ. ಆಲ್ಪ್ಸ್‌ಗೆ ಕಾರಿನಲ್ಲಿ ಹೋಗುವುದು ಹೇಗೆಂದು ಅವನು ಇಪ್ಪತ್ತೆರಡು ಬಾರಿ ಬರೆದಿದ್ದ. ಇದು ಇಪ್ಪತ್ತಮೂರನೆಯದು, ಅಷ್ಟೆ. ಹಿಂಟರ್‌ಔನಲ್ಲಿ ಬುರ್ಗಿ ಎಂಬಾಕೆಯ ಅತಿಥಿಗೃಹದಲ್ಲಿ ಹತ್ತೊಂಬತ್ತು ವರ್ಷಗಳಿಂದ ಫೆಬ್ರವರಿಯ ಎರಡನೆಯ ವಾರ ಅವನಿಗೆ ಅದೇ ಕೋಣೆ. ಈ ವರ್ಷ ಹೋಗದಿದ್ದರೇ ಜನ ಕೇಳುತ್ತಿದ್ದರು. ಕೋಣೆಗಳೆಲ್ಲ ಶನಿವಾರದಿಂದ ಶನಿವಾರಕ್ಕೆ. ಹಳಬರು ಹತ್ತು ಗಂಟೆಗೆ ಖಾಲಿಮಾಡುತ್ತಾರೆ, ಹೊಸಬರು ಮಧ್ಯಾಹ್ನ ಬರುತ್ತಾರೆ. ಅರ್ಧ ಯೂರೋಪ್ ಒಂದೇ ದಿನ ಒಂದೇ ರಸ್ತೆಯಲ್ಲಿ ಎದುರುಬದುರಾಗುತ್ತದೆ. 'ಶನಿವಾರ ಹೊರಡಬೇಡಿ' ಎಂಬುದು ಅವನ ಮೊದಲ ಸಲಹೆಯಾಗಿತ್ತು, ಪ್ರತಿ ವರ್ಷವೂ. ಈಗ ಆ ಶನಿವಾರವೇ ಬೇಕಾಗಿತ್ತು. ಇಪ್ಪತ್ತು ಕಿಲೋಮೀಟರ್ ವಾಹನಸಾಲಿನಲ್ಲಿ ಐದು ತಾಸು ಕೂತೆ ಎಂದವನನ್ನು ಆ ದಿನ ಯಾರೂ ಅನುಮಾನಿಸುವುದಿಲ್ಲ.

ಶುಕ್ರವಾರ ಸಂಜೆ ಆರಕ್ಕೆ ಬೇಕರಿಯಲ್ಲಿ ರೈ ಹಿಟ್ಟಿನ ಬ್ರೆಡ್ಡು ಕೊಳ್ಳುವುದು. ನಾಳೆ ಬೆಳಗಿನ ಜಾವ ಐದಕ್ಕೆ ಹೊರಡುತ್ತೇನೆ ಎಂದು ಹೇಳುವುದು. ಆದರೆ ಅದೇ ಸಂಜೆ ಏಳಕ್ಕೆ ಹೊರಡುವುದು. ಹೆದ್ದಾರಿ ಬಿಟ್ಟು ಹಳೆಯ ರಾಜ್ಯರಸ್ತೆಗಳಲ್ಲಿ ಹೋಗುವುದು. ಪೆಟ್ರೋಲ್ ಎರಡು ದಿನ ಮೊದಲೇ ತುಂಬಿಸಿ, ಡಿಕ್ಕಿಯಲ್ಲಿ ಇಪ್ಪತ್ತು ಲೀಟರ್ ಕ್ಯಾನ್ ಇಟ್ಟುಕೊಳ್ಳುವುದು. ಮೊಬೈಲ್ ಅವನಲ್ಲಿರಲಿಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ಬೇಕಾದ ಸುಂಕದ ಚೀಟಿಯನ್ನು ಕಾಸೆಲ್‌ನಲ್ಲೇ ಕೊಂಡು ಗಾಜಿಗೆ ಅಂಟಿಸಿದ್ದ. ಬೆಳಿಗ್ಗೆ ಎಂಟಕ್ಕೆ ಹಿಂಟರ್‌ಔ, ಒಂಬತ್ತಕ್ಕೆ ಅಲ್ಲಿಂದ ಹೊರಗೆ. ಕಣಿವೆ ಇಳಿದು ಹೆದ್ದಾರಿಯಲ್ಲಿ ಉತ್ತರಕ್ಕೆ ವಾಪಸು ಹೋಗಿ, ಗಡಿಯಾಚೆಯ ತಂಗುದಾಣದಲ್ಲಿ ತಿರುಗಿ, ಅಲ್ಲಿ ಒಂದು ಕಾಫಿ, ಅದರ ರಸೀದಿ. ಆಮೇಲೆ ಎಲ್ಲರಂತೆ ಸಾಲಿನಲ್ಲಿ ನಿಂತು ಮೂರರ ಸುಮಾರಿಗೆ ಎರಡನೆಯ ಸಲ ಹಿಂಟರ್‌ಔ. ಜನರ ಲೆಕ್ಕಕ್ಕೆ ಎರಡನೆಯದೇ ಮೊದಲನೆಯದು.

ಇದರಲ್ಲಿ ಒಂದು ಸುಳ್ಳು ಮಾತ್ರ ಇತ್ತು, ಅದೂ ಸಣ್ಣದು. ಅಪರಾಧ ಮಾಡುವವರು ಸಿಕ್ಕಿಬೀಳುವುದು ಬಹಳ ಸುಳ್ಳು ಹೇಳುವುದರಿಂದ ಎಂದು ಅವನ ಎಣಿಕೆ.

ಅಂದುಕೊಂಡಂತೆಯೇ ಎಲ್ಲವೂ ಆಯಿತು. ರಾತ್ರಿ ದಾರಿಯಲ್ಲಿ ಎರಡು ಸಲ ಕಾಡಿನ ಅಂಚಿಗೆ ನಿಲ್ಲಿಸಿ ಕಂಬಳಿ ಹೊದ್ದು ಅರ್ಧರ್ಧ ಗಂಟೆ ಮಲಗಿದ್ದ. ಬೆಳಿಗ್ಗೆ ಎಂಟೂ ಐದಕ್ಕೆ ಹಿಂಟರ್‌ಔನ ಚರ್ಚಿನ ಮುಂದಿನ ಚೌಕಕ್ಕೆ ಬಂದಾಗ ಹಿಮ ನೆಟ್ಟಗೆ, ಸದ್ದಿಲ್ಲದೆ ಬೀಳುತ್ತಿತ್ತು. ಊರಾಚೆಯ ಒಂಟಿ ರಸ್ತೆಯಲ್ಲಿ ನಿಲ್ಲಿಸಿದ ಕಾರು ಕಣ್ಣಿಗೆ ಹೊಡೆಯುತ್ತದೆ. ಶನಿವಾರ ಬೆಳಿಗ್ಗೆ ಚೌಕದಲ್ಲಿ ಮೂವತ್ತು ಜರ್ಮನ್ ಕಾರುಗಳು, ಮೂವತ್ತು ಸಂಸಾರಗಳು, ಹೊರಡುವ ಗಲಾಟೆ. ಒಂದು ಡಿಕ್ಕಿಯೊಳಗೆ ಮೈಯರ್ಧ ತೂರಿಸಿದ್ದ ಗಂಡಸು, "ಬರೋವಾಗ ಹಿಡಿಸಿದ್ದು ಹೋಗೋವಾಗ ಯಾಕೆ ಹಿಡಿಸಲ್ಲ?" ಎಂದು ಯಾರನ್ನೂ ಉದ್ದೇಶಿಸದೆ ಕೇಳುತ್ತಿದ್ದ. "ನಿಮ್ಮಮ್ಮನಿಗೆ ಅಂತ ಏಳು ಕಿಲೋ ಹಂದಿಮಾಂಸ ತಗೊಂಡಿದ್ದು ನೀನೇ" ಎಂದಿತು ಒಂದು ಹೆಣ್ಣುದನಿ.

ಏಕಾರ್ಟ್ ತನ್ನ ಹಸಿರು ಕಾರನ್ನು ಸಾಲಿನ ನಡುವೆ ನಿಲ್ಲಿಸಿದ. ಚಳಿಗೆ ಕೈಬ್ರೇಕು ಹಿಡಿದುಕೊಳ್ಳುತ್ತದೆಂದು ಗೇರಿನಲ್ಲಿ ಬಿಟ್ಟ. ಗಾಜಿಗೆ ಅಂಟಬಾರದೆಂದು ವೈಪರ್‌ಗಳನ್ನು ಎತ್ತಿ ನಿಲ್ಲಿಸಿದ. ಮಾಡಬೇಕಾದ್ದನ್ನೆಲ್ಲ ನಲವತ್ತು ವರ್ಷದ ಅಭ್ಯಾಸದಲ್ಲಿ ಕೈಗಳೇ ಮಾಡಿದವು. ಮನಸ್ಸು ಆಗಲೇ ಟಿಲ್ಮನ್‌ನ ಕಾರು ನಿಂತಿದ್ದ ಮೇಲಿನ ತಿರುವಿನಲ್ಲಿತ್ತು. ಮಡಚುವ ಸಲಿಕೆಯನ್ನು ಬೆನ್ನುಚೀಲದಲ್ಲಿ ಹಾಕಿಕೊಂಡು, ಉಣ್ಣೆಯ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಚರ್ಚಿನ ಹಿಂದಿನ ಕಾಲುದಾರಿ ಹಿಡಿದ.

ಕೆಂಪು ರಾಣಿ ರಸ್ತೆಯ ಪಕ್ಕದ ಅಗಲ ಜಾಗದಲ್ಲಿ ಹಿಮ ಹೊದ್ದು ನಿಂತಿದ್ದಳು, ಮೂತಿ ರಸ್ತೆಗೆ, ಬಾಲ ದಿಬ್ಬಕ್ಕೆ. ಹೊರಡುವಾಗ ಸುಲಭವಾಗಲೆಂದು ಹಿಮ್ಮುಖವಾಗಿ ನಿಲ್ಲಿಸಿ ಎಂಬುದೂ ಏಕಾರ್ಟ್‌ನದೇ ಸಲಹೆ. ಬೆಳಿಗ್ಗೆ ಆರೂವರೆಗೆ ಹಿಮ ತಳ್ಳುವ ಗಾಡಿ ಒಮ್ಮೆ ಹಾದು ರಸ್ತೆಯಂಚಿಗೆ ದಿಬ್ಬ ಒಟ್ಟಿತ್ತು. ಇನ್ನು ಅದು ಬರುವುದು ಹನ್ನೊಂದರ ಮೇಲೆ. ಏಕಾರ್ಟ್ ಮೊದಲು ಹಿಂಬದಿಯಲ್ಲಿ ಕೊಳವೆಯ ಬಾಯಿಂದ ಒಂದು ಗೇಣು ಬಿಟ್ಟು ಗಟ್ಟಿ ಹಿಮ ಒತ್ತಿದ. ಬಾಯನ್ನೇ ಮುಚ್ಚಿದರೆ ಎಂಜಿನ್ ನಿಂತುಹೋಗುತ್ತದೆ. ಹೊಗೆ ಬರಬೇಕು, ಆದರೆ ಹೋಗುವ ದಾರಿ ಕಾರಿನ ಹೊಟ್ಟೆಯ ಕೆಳಗೆ ಮಾತ್ರ ಇರಬೇಕು. ನಂತರ ಎರಡು ಬದಿಗಳಲ್ಲಿ ಬಾಗಿಲ ಕೆಳಗಿನವರೆಗೆ ಒಟ್ಟಿದ, ಬಾಗಿಲು ತೆರೆಯುವಷ್ಟು ಬಿಟ್ಟು. ಕಾರನ್ನು ಮುಟ್ಟಲಿಲ್ಲ. ಸಲಿಕೆಯ ಬೆನ್ನಿನಿಂದ ಸವರಿ, ಮೇಲೆ ಪುಡಿ ಹಿಮ ತೂರಿದ. ಐದು ನಿಮಿಷದಲ್ಲಿ ಆಕಾಶ ಉಳಿದ ಕೆಲಸ ಮುಗಿಸಿತು. ಅದು ಯಂತ್ರ ತಳ್ಳಿದ ಹಿಮದಂತೆಯೇ ಇತ್ತು. ಬೆನ್ನು ನೋಯುತ್ತಿತ್ತು, ಇನ್ನೇನೂ ಅನಿಸುತ್ತಿರಲಿಲ್ಲ.

ಹೋಗಿಬಿಡಬಹುದಿತ್ತು. ಆದರೆ ಅವನು ರಸ್ತೆಯ ಮೇಲಿನ ಮರಗಳ ಮರೆಯಲ್ಲಿ ನಿಂತ. ತನ್ನೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದ: ಟಿಲ್ಮನ್ ಒಮ್ಮೆ, ಒಂದೇ ಒಮ್ಮೆ ಕಾರಿನ ಹಿಂದಕ್ಕೆ ಹೋದರೆ ಸಾಕು. ಹೋದವನಿಗೆ ಕಾಣುತ್ತದೆ, ಕಂಡವನು ಬಿಡಿಸುತ್ತಾನೆ. ಆಗ ಏಕಾರ್ಟ್ ಕೆಳಗಿಳಿದು, ಬುರ್ಗಿಯ ಕೋಣೆಗೆ ಹೋಗಿ ಮಲಗಿ, ಎಲ್ಲವನ್ನೂ ಮರೆಯುತ್ತಾನೆ.

ಎಂಟೂ ನಲವತ್ತೈದಕ್ಕೆ ಟಿಲ್ಮನ್ ಗುಡಿಸಲಿನ ಮೆಟ್ಟಿಲಿಳಿದು ಬಂದ. ಬಗಲಲ್ಲಿ ಕಾಫಿಯ ಫ್ಲಾಸ್ಕು. ಏನೋ ಗುನುಗುತ್ತಿದ್ದ. ಮುಂದಿನ ಗಾಜಿನ ಮೇಲೆ ತೋಳಿನಿಂದ ತಟ್ಟೆಯಗಲ ಒರೆಸಿದ. ಒಳಗೆ ಕೂತ. ಎಂಜಿನ್ ಕೆಮ್ಮಿ ಹತ್ತಿಕೊಂಡಿತು.

ಏಕಾರ್ಟ್ ಕಾಲುದಾರಿ ಇಳಿಯತೊಡಗಿದ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಹಸಿರು ಕಾರು ಚೌಕ ಬಿಟ್ಟಿತ್ತು.

ಹನ್ನೊಂದೂ ಹತ್ತಕ್ಕೆ ತಂಗುದಾಣದಲ್ಲಿ ಅವನಿಗೆ ಕಾಫಿಯ ರಸೀದಿ ಸಿಕ್ಕಿತು. ತಿರುಗಿ ದಕ್ಷಿಣದ ಸಾಲಿಗೆ ಸೇರಿಕೊಂಡ. ಸಾಲು ಅವನು ವರ್ಷವರ್ಷವೂ ಬರೆದಂತೆಯೇ ಇತ್ತು. ನೂರು ಗಜ, ನಿಲುಗಡೆ, ಐವತ್ತು ಗಜ, ನಿಲುಗಡೆ. ಪಕ್ಕದ ಕಾರಿನ ಹೆಂಗಸು ಕೈಕನ್ನಡಿ ಹಿಡಿದು ಹುಬ್ಬು ತಿದ್ದಿಕೊಂಡಳು, ಮುಗಿಸಿದಳು, ಮತ್ತೆ ತಿದ್ದಿಕೊಂಡಳು. ನಿದ್ದೆ ಅವನ ರೆಪ್ಪೆಗಳನ್ನು ಹಿಡಿದು ಜಗ್ಗುತ್ತಿತ್ತು.

ಕಣಿವೆಯ ಬಾಯಲ್ಲಿ ಚೈನು ಕಡ್ಡಾಯ ಎಂಬ ಫಲಕ ಹಾಕಿ, ಎಲ್ಲರನ್ನೂ ಬದಿಯ ಅಂಗಳಕ್ಕೆ ಇಳಿಸುತ್ತಿದ್ದರು. ಏಕಾರ್ಟ್ ತನ್ನ ಎರಡು ಚೈನುಗಳನ್ನು ಏಳು ನಿಮಿಷದಲ್ಲಿ ಹಾಕಿ ಎದ್ದ. ಪಕ್ಕದಲ್ಲಿ ಒಬ್ಬ ಎತ್ತರದ ಡಚ್ಚಿನವ ಕೆಸರುಹಿಮದಲ್ಲಿ ಮಂಡಿಯೂರಿ ಒದ್ದಾಡುತ್ತಿದ್ದ.

"ಸಾರ್, ಅದು ಹಿಂದಿನ ಗಾಲಿ" ಅಂದ ಏಕಾರ್ಟ್.

"ಗೊತ್ತು ಸ್ವಾಮಿ. ಭಾರ ಎಲ್ಲ ಹಿಂದೆ ತಾನೆ ಇರೋದು? ಸೂಟ್‌ಕೇಸು, ಆಲೂಗಡ್ಡೆ ಮೂಟೆ, ನಮ್ಮತ್ತೆ."

"ಎಳೆಯೋದು ಮುಂದಿನ ಗಾಲಿ."

ಹೆಂಡತಿಯ ಕಡೆಯ ಕಿಟಕಿ ಸರ್ರನೆ ಇಳಿಯಿತು. "ಯೋರಿಸ್! ಬ್ರೇಡಾದಿಂದ ಬಡ್ಕೋತಾ ಬಂದಿದೀನಿ, ಪುಸ್ತಕ ಓದು, ಪುಸ್ತಕ ಓದು ಅಂತ!"

"ನೀನು ಬಡ್ಕೊಂಡಿದ್ದು ನಿಧಾನ ಹೋಗು ಅಂತ ಕಣೇ. ಅದನ್ನ ಪಾಲಿಸಿದ್ದಕ್ಕೇ ಈಗ ಎರಡು ಗಂಟೆ ಆಗಿರೋದು."

ಏಕಾರ್ಟ್ ಮಂಡಿಯೂರಿದ. ಚೈನು ಬಿಚ್ಚಿ ಮುಂದಿನ ಗಾಲಿಗೆ ಸುತ್ತಿ, ಒಳಗಿನ ಕೊಂಡಿ ಮೊದಲು, ಹೊರಗಿನದು ಆಮೇಲೆ, ಎಂದು ಕೈಯಲ್ಲೇ ತೋರಿಸಿದ. ನೂರು ಗಜ ಹೋಗಿ ನಿಂತು ಮತ್ತೆ ಬಿಗಿಮಾಡಿ ಎಂದ. ಇವರು ತನ್ನನ್ನು ಮರೆಯುವುದಿಲ್ಲ ಎಂಬುದು ಗೊತ್ತಿದ್ದೇ ಅವನು ನಿಂತದ್ದು. ಆದರೂ ಎದ್ದು ಹೊರಡುವಾಗ ಯಾವ ಲೆಕ್ಕಾಚಾರವೂ ಇಲ್ಲದೆ ಬಾಯಿಗೆ ಮಾತು ಬಂತು.

"ಎಲ್ಲಾದ್ರೂ ಸಿಕ್ಕೊಂಡ್ರೆ, ಎಂಜಿನ್ ಹಚ್ಚೋ ಮುಂಚೆ ಹಿಂದೆ ಹೋಗಿ ಹೊಗೆಕೊಳವೆ ಸುತ್ತ ಹಿಮ ಬಿಡಿಸಿ. ಮರೀಬೇಡಿ."

"ಕೇಳಿಸ್ತೇನೇ?" ಅಂದ ಡಚ್ಚಿನವ ಹೆಂಡತಿಗೆ. "ಅದನ್ನ ಬರ್ಕೋ."

ಅವಳು ಬರೆದುಕೊಂಡಳು. ಏಕಾರ್ಟ್ ತನ್ನ ಕಾರಿಗೆ ಹೋಗಿ ಸ್ಟಿಯರಿಂಗ್ ಚಕ್ರದ ಮೇಲೆ ಹಣೆಯಿಟ್ಟು ಕೂತ.

ಮೂರಕ್ಕೆ ಹತ್ತು ನಿಮಿಷವಿರುವಾಗ ಅವನು ಬುರ್ಗಿಯ ಅಂಗಳದಲ್ಲಿ ಕಾರು ನಿಲ್ಲಿಸಿದ. ಬುರ್ಗಿ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ. ಪ್ರತಿ ವರ್ಷದಂತೆ 'ದಾರಿ ಹೇಗಿತ್ತು' ಎಂದು ಕೇಳಲಿಲ್ಲ.

"ಬ್ರಾಂಡಿಸ್ ಅವರೇ, ಮೊದಲು ಒಳಗೆ ಬಂದು ಕೂತ್ಕೊಳ್ಳಿ."

"ಏನಾಯ್ತು?"

"ನಿಮ್ಮೂರಿನವರು, ಆ ರೇಡಿಯೋದವರು... ಮಧ್ಯಾಹ್ನ ಹಿಮ ತಳ್ಳೋ ಹಾನ್ಸಿ ನೋಡಿದ್ನಂತೆ. ಕಾರು ಓಡ್ತಾನೇ ಇತ್ತಂತೆ, ಒಳಗೆ ಇವರು ಮಲಗಿದ ಹಾಗೆ. ಕೆನ್ನೆ ಎಲ್ಲ ಕೆಂಪಗೆ, ಚೆನ್ನಾಗಿ ನಿದ್ದೆ ಮಾಡಿದ ಮಗು ಥರ ಅಂದ. ಅವನು ಇನ್ನೂ ಅಡುಗೆಮನೇಲಿ ಕೂತಿದಾನೆ, ಮೂರು ಗ್ಲಾಸು ಕುಡಿದ, ನಾಲ್ಕನೇದು ಕೇಳ್ತಿದಾನೆ."

ಈ ಕ್ಷಣಕ್ಕೆಂದು ಏಕಾರ್ಟ್ ಒಂದು ಮುಖ ಸಿದ್ಧಮಾಡಿಟ್ಟುಕೊಂಡಿದ್ದ. ಅದು ಬೇಕಾಗಲಿಲ್ಲ. ಮೂವತ್ತು ತಾಸು ಸರಿಯಾದ ನಿದ್ದೆಯಿಲ್ಲದ ಮುಖವೇ ಸಾಕಾಯಿತು. ಬುರ್ಗಿ ಅವನ ಭುಜ ಹಿಡಿದು ಕೂರಿಸಿ ಸೂಪು ತಂದಿಟ್ಟಳು. ಅವನು ಪೂರ್ತಿ ಕುಡಿದ. ಹಸಿವಾಗಿತ್ತು.

ಐದು ಗಂಟೆಗೆ ಊರಿನ ಪೊಲೀಸ್ ಠಾಣೆಯ ಕ್ನಾಪ್ ಬಂದ. ಐವತ್ತರ ಸ್ಥೂಲ ಮನುಷ್ಯ, ಬೂಟಿನ ಹಿಮವನ್ನು ಹೊಸಿಲ ಹೊರಗೇ ಒದರಿ, ಟೊಪ್ಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತ. ಶನಿವಾರವಾದ್ದರಿಂದ ಬೆಳಗಿನ ಜಾವ ನಾಲ್ಕರಿಂದ ಕೆಲಸದಲ್ಲಿದ್ದ. ಇಬ್ಬರೂ ಒಂದೇ ಬಗೆಯಲ್ಲಿ ದಣಿದಿದ್ದರು. ಅದು ಮಾತನ್ನು ಸುಲಭ ಮಾಡಿತು.

"ತೊಂದರೆ ಕೊಡ್ಬೇಕು ಅಂತಲ್ಲ. ಅವರ ಮನೆಯವರ ಫೋನ್ ನಂಬರು ಬೇಕಿತ್ತು. ಬುರ್ಗಿ ಹೇಳಿದ್ಲು ನಿಮಗೆ ಪರಿಚಯ ಅಂತ."

"ಒಬ್ಬ ಅಕ್ಕ ಇದ್ದಾಳೆ, ಫುಲ್ಡಾದಲ್ಲಿ." ಏಕಾರ್ಟ್ ನಂಬರು ಬರೆದುಕೊಟ್ಟ. "ಒಂದೇ ಕಡೆ ಕೆಲಸ ಮಾಡಿದವರು ನಾವು. ಹೇಗಾಯ್ತು?"

"ಹೊಗೆ. ಹಿಂದೆ ಪೂರ್ತಿ ಹಿಮ. ರೇಡಿಯೋ ಸ್ಟೇಷನ್‌ನವರು ಹೇಳ್ತಾರೆ, ಒಂಬತ್ತೂಕಾಲಿನ ಹೊತ್ತಿಗೆ ಮಾತು ತೊದಲೋಕೆ ಶುರುವಾಯ್ತಂತೆ, ಆಮೇಲೆ ಫೋನೇ ಸತ್ತುಹೋಯ್ತಂತೆ. ಬೆಟ್ಟದ ಫೋನು, ಇದ್ದದ್ದೇ ಅಂತ ಹಾಡು ಹಾಕಿದ್ರಂತೆ. ಏನ್ ಹೇಳ್ತೀರಿ. ಇದೇ ಜನ ಊರಿಗೆಲ್ಲ ಬುದ್ಧಿ ಹೇಳೋರು."

"ಹೌದು" ಅಂದ ಏಕಾರ್ಟ್.

"ನೀವೂ ಹಾಗೇ ಬರೀತಿದ್ರಂತೆ? ಬುರ್ಗಿ ಹೇಳಿದ್ಲು, ಶನಿವಾರ ಹೊರಡಬೇಡಿ ಅನ್ನೋದು ನಿಮ್ಮ ಮಾತೇ ಅಂತೆ. ಮತ್ತೆ ನೀವೇ ಶನಿವಾರ ಬಂದಿದೀರಿ!" ಕ್ನಾಪ್ ನಕ್ಕ.

"ಬುರ್ಗಿಯ ಕೋಣೆ ಶನಿವಾರದಿಂದಲೇ ಕೊಡೋದು. ಇಪ್ಪತ್ತೆರಡು ವರ್ಷ ಬರೆದರೂ ಅವಳನ್ನ ಬದಲಾಯಿಸೋಕೆ ಆಗ್ಲಿಲ್ಲ."

"ಅವಳನ್ನ ಅವಳ ಗಂಡನ ಕೈಲೂ ಆಗ್ಲಿಲ್ಲ ಬಿಡಿ. ಜಾಮ್ ಸಿಕ್ತಾ?"

ಏಕಾರ್ಟ್ ಹೇಳಿದ. ಐದಕ್ಕೆ ಕಾಸೆಲ್ ಬಿಟ್ಟದ್ದು. ಎಂಟೂವರೆಗೆ ಉಲ್ಮ್ ದಾಟಿದ್ದು. ಹನ್ನೊಂದೂ ಹತ್ತಕ್ಕೆ ಕಾಫಿ. ಕಣಿವೆಯ ಬಾಯಲ್ಲಿ ಚೈನು, ಹಿಂದಿನ ಗಾಲಿಗೆ ಕಟ್ಟುತ್ತಿದ್ದ ಡಚ್ಚಿನವ, ಅವನ ಅತ್ತೆ. ಕ್ನಾಪ್ ಅತ್ತೆಯ ಮಾತಿಗೆ ಮತ್ತೆ ನಕ್ಕ. ಯಾವುದನ್ನೂ ಅವನು ಬರೆದುಕೊಳ್ಳಲೂ ಇಲ್ಲ.

"ದಾರೀಲಿ ಯಾವ ಊರೊಳಗೂ ಇಳೀದೆ ನೇರ ಬಂದ್ರಾ? ಈ ವಯಸ್ಸಲ್ಲಿ? ಮೆಚ್ಚಬೇಕು."

"ಹೆದ್ದಾರಿ ಬಿಟ್ಟದ್ದು ಕಣಿವೆಯ ಬಾಯಲ್ಲೇ."

"ಹೋಗಿ ಮಲಗಿ ಇನ್ನು. ನಿಮ್ಮ ಮುಖ ನೋಡಿದ್ರೆ ನನಗೇ ನಿದ್ದೆ ಬರುತ್ತೆ." ಕ್ನಾಪ್ ಎದ್ದು ಕೈಕೊಟ್ಟ. ಅವನ ಮಟ್ಟಿಗೆ ಕೆಲಸ ಮುಗಿದಿತ್ತು. ಏಕಾರ್ಟ್‌ಗೆ ಎರಡು ವರ್ಷಗಳಲ್ಲಿ ಮೊದಲ ಸಲ ಎದೆಯ ಮೇಲಿನ ಭಾರ ಸ್ವಲ್ಪ ಸರಿದಂತೆ ಅನಿಸಿತು. ಸಂತೋಷವಾಗಲಿಲ್ಲ. ಮಲಗಿದರೆ ನಿದ್ದೆ ಬರುತ್ತದೆ ಅನಿಸಿತು, ಅಷ್ಟೇ ಅವನಿಗೆ ಬೇಕಾಗಿತ್ತು.

ಕಿಟಕಿಯ ಬಳಿ ನಿಂತು ಅವನು ಕ್ನಾಪ್ ಅಂಗಳ ದಾಟುವುದನ್ನು ನೋಡಿದ. ಹಸಿರು ಕಾರಿನ ಪಕ್ಕದಲ್ಲಿ ಕ್ನಾಪ್ ಯಾವ ಕಾರಣವೂ ಇಲ್ಲದೆ, ಬೀದಿ ಕಾಯುವವರ ಹಳೆಯ ಚಾಳಿಯಿಂದ, ಕೈಗವಸಿನಲ್ಲಿ ಮುಂದಿನ ಗಾಜಿನ ಹಿಮ ಒರೆಸಿ ಒಳಗೆ ಬಗ್ಗಿ ನೋಡಿದ. ಬಗ್ಗಿಯೇ ಸ್ವಲ್ಪ ಹೊತ್ತು ನಿಂತ. ಆಮೇಲೆ ವಾಪಸು ಬಂದ. ಈ ಸಲ ಬೂಟು ಒದರಲಿಲ್ಲ. "ಬ್ರಾಂಡಿಸ್ ಅವರೇ, ಎಂಟೂವರೆಗೆ ಉಲ್ಮ್ ಹತ್ತಿರ ಓಡ್ತಾ ಇದ್ರಿ ಅಂದ್ರಲ್ಲ. ನಿಮ್ಮ ಗಾಜಿನ ಕೆಳಗಿನ ನೀಲಿ ರಟ್ಟು ಎಂಟೂವರೆಗೆ ಎಲ್ಲೋ ನಿಲ್ಲಿಸಿದ್ದೆ ಅಂತಿದೆ." ಜರ್ಮನಿಯಲ್ಲಾಗಲಿ ಆಸ್ಟ್ರಿಯಾದಲ್ಲಾಗಲಿ ಹೊತ್ತಿನ ಮಿತಿಯಿರುವ ಪುಕ್ಕಟೆ ಜಾಗದಲ್ಲಿ ಕಾರು ನಿಲ್ಲಿಸುವವನು ತಾನು ಬಂದ ಹೊತ್ತನ್ನು ಆ ರಟ್ಟಿನ ಗಡಿಯಾರದಲ್ಲಿ ತಾನೇ ತಿರುಗಿಸಿ ಗಾಜಿನ ಹಿಂದೆ ಇಟ್ಟುಹೋಗಬೇಕು, ಮುಂದಿನ ಅರ್ಧಗಂಟೆಗೆ ಏರಿಸಿ. ಯಾರೂ ಹೇಳಬೇಕಾಗಿಲ್ಲ, ಎಲ್ಲರೂ ಇಡುತ್ತಾರೆ. ಚರ್ಚಿನ ಚೌಕದಲ್ಲಿ ಎಂಟೂ ಐದಕ್ಕೆ ಎಂಜಿನ್ ಆರಿಸಿ, ಒಬ್ಬನನ್ನು ಕೊಲ್ಲಲು ಇಳಿಯುವ ಮುಂಚೆ, ತನ್ನ ಹೆಬ್ಬೆರಳು ಆ ಹಲ್ಲಿನ ಚಕ್ರವನ್ನು ಎಂಟೂವರೆಗೆ ತಿರುಗಿಸಿದ್ದು ಏಕಾರ್ಟ್‌ಗೆ ಈಗ ಸ್ಪಷ್ಟವಾಗಿ ಕಾಣಿಸಿತು. ಕಾಸೆಲ್‌ನಲ್ಲಿ ನಿನ್ನೆ ಇಟ್ಟದ್ದು ಎನ್ನಲು ಅವನು ಬಾಯಿ ತೆರೆದ. "ನಿನ್ನೇದೂ ಇರಬಹುದು" ಅಂದ ಕ್ನಾಪ್, ಬಹಳ ಮೆತ್ತಗೆ, ಟೊಪ್ಪಿಯನ್ನು ಮತ್ತೆ ತೆಗೆಯುತ್ತಾ. "ಬೆಳಿಗ್ಗೆ ಚೌಕ ನೋಡ್ಕೊಳ್ಳೋದು ನಮ್ಮ ರೋಸ್ವಿಟಾ. ಹದಿನಾಲ್ಕು ವರ್ಷದಿಂದ ಪ್ರತಿ ಕಾರಿನ ನಂಬರೂ, ರಟ್ಟು ತೋರಿಸೋ ಹೊತ್ತೂ ಬರ್ಕೊಳ್ತಾಳೆ. ಅವಳ ಪುಸ್ತಕ ನೋಡ್ಕೊಂಡು ಬರ್ತೀನಿ. ಅಲ್ಲೀವರೆಗೂ ಇಲ್ಲೇ ಕೂತಿರಿ."